ನಿಮಗಿದು ಗೊತ್ತೆ? ಏಳು ಸಾವಿರ ಪುಟ ಬಾಯಿಪಾಠ!

ದರೋಜಿ ಎಂದರೆ ಕರಡಿಧಾಮವಷ್ಟೇ ಅಲ್ಲ, ‘ಬುರ್ರಕಥಾ ಈರಮ್ಮ’ನ ಊರೂ ಹೌದು (ಬುರ್ರಕಥೆ ಎಂದರೆ ವಾದ್ಯದೊಂದಿಗೆ ಕಥೆ ಹಾಡುವ ಜನಪದ ಕಲೆ).

● ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ (1930–2014) ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಓದು ಬರಹ ಬರುತ್ತಿರಲಿಲ್ಲ.

● ಆದರೂ 12 ಜನಪದ ಮಹಾಕಾವ್ಯಗಳು ಅವರಿಗೆ ಕಂಠಸ್ಥವಾಗಿದ್ದವು. ಅಚ್ಚು ಹಾಕಿದರೆ ಸುಮಾರು 7,000 ಪುಟ, ಎರಡು ಲಕ್ಷ ಸಾಲು!

● ಕಲಿಸಿದ್ದು ತಂದೆ ಲಾಲಪ್ಪ. ಈರಮ್ಮ ಕಥೆ ಹಾಡಿದರೆ, ಮನೆಯವರೇ ಆದ ಶಿವಮ್ಮ, ಪಾರ್ವತಮ್ಮ ತಾಳವಾದ್ಯ ನುಡಿಸಿ ಜೊತೆಯಾಗುತ್ತಿದ್ದರು. ಇಷ್ಟೇ ಅವರ ಮೇಳ.

● ಅವರ ಕಥೆಗಳಲ್ಲೊಂದು ಪಕ್ಕದ ಕಂಪ್ಲಿ ಸೀಮೆಯ ವೀರ ಕುಮಾರರಾಮನದು.

● 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಅಕ್ಷರ ಕಲಿಯದ ಈ ಗಾಯಕಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ನಾಡೋಜ’ ಗೌರವವನ್ನೂ ನೀಡಿತು.