ನಿಮಗಿದು ಗೊತ್ತೇ? ಎರಡು ಸೀಟು, ಒಂದು ತಲೆ

ಸೀಟು ಸಿಗದವರ ಸಂಕಟ ಎಲ್ಲರಿಗೂ ಅರ್ಥವಾಗುತ್ತದೆ. ಎರಡು ಒಳ್ಳೆಯ ಕಾಲೇಜುಗಳಲ್ಲೂ ಸೀಟು ಸಿಕ್ಕವರ ಪೇಚಾಟ ಮಾತ್ರ ಯಾರಿಗೂ ಬೇಡ. ಹೇಳಿಕೊಂಡರೆ ‘ಹೊಟ್ಟೆ ತುಂಬಿದವರ ಗೋಳು’ ಅಂದುಬಿಡುತ್ತಾರೆ. ಆದರೆ ದೊಡ್ಡ ದೊಡ್ಡ ಕಾಲೇಜುಗಳು ಒಳಗೊಳಗೇ ಹೆದರುವುದು ಈ ಡಬಲ್ ಸೀಟಿನವರಿಗೇ.

● ಕಾಲೇಜುಗಳಿಗೂ ಚೆಸ್ ಆಟಗಾರರ ಹಾಗೆ ರೇಟಿಂಗ್ ಕೊಡಬಹುದು. ಎರಡು ಕಾಲೇಜು ಕರೆದಾಗ ಹುಡುಗಿ ಸೇರಿದ್ದು ಗೆದ್ದ ಕಾಲೇಜು, ಬಿಟ್ಟದ್ದು ಸೋತ ಕಾಲೇಜು. ಹೀಗೆ ಸಾವಿರಾರು ‘ಪಂದ್ಯ’ಗಳನ್ನು ಲೆಕ್ಕ ಹಾಕಿದರೆ ಪಟ್ಟಿ ತಾನಾಗಿಯೇ ಬೀಳುತ್ತದೆ. ಅಮೆರಿಕದ ಕ್ರಿಸ್ಟೋಫರ್ ಏವರಿ, ಮಾರ್ಕ್ ಗ್ಲಿಕ್‌ಮನ್, ಕ್ಯಾರೊಲಿನ್ ಹಾಕ್ಸ್‌ಬಿ, ಆಂಡ್ರೂ ಮೆಟ್ರಿಕ್ ಸೇರಿ 3,240 ಪ್ರತಿಭಾವಂತ ವಿದ್ಯಾರ್ಥಿಗಳ ಆಯ್ಕೆಯನ್ನು ಹೀಗೇ ಲೆಕ್ಕ ಹಾಕಿದರು. ಪ್ರಬಂಧ 2013ರಲ್ಲಿ ಅಚ್ಚಾಯಿತು. ಮೊದಲ ಸ್ಥಾನ ಹಾರ್ವರ್ಡ್‌ಗೆ; ಅದರಲ್ಲಿ ಆಶ್ಚರ್ಯವೇನಿಲ್ಲ. ಇವರಲ್ಲಿ ಗ್ಲಿಕ್‌ಮನ್ ನಿಜವಾಗಿಯೂ ಚೆಸ್ ರೇಟಿಂಗಿನ ಮನುಷ್ಯ. ಇಂದು ಆನ್‌ಲೈನ್ ಚೆಸ್‌ನಲ್ಲಿ ಬಳಕೆಯಲ್ಲಿರುವ ‘ಗ್ಲಿಕೊ’ ಲೆಕ್ಕ ಇವರದೇ.

● ಇಷ್ಟು ಕಷ್ಟ ಯಾಕೆ, ಎಷ್ಟು ಜನರನ್ನು ತಿರಸ್ಕರಿಸಿದರು ಅಂತ ನೋಡಿದರೆ ಸಾಲದೇ? ಸಾಲದು. ಆ ಅಂಕಿಯನ್ನು ಕಾಲೇಜು ತಾನೇ ತಿದ್ದಿಕೊಳ್ಳಬಹುದು. ಊರಿಗೆಲ್ಲ ‘ಅರ್ಜಿ ಹಾಕಿ’ ಅಂತ ಪತ್ರ ಬರೆದು ಆಮೇಲೆ ಬಾಗಿಲು ಹಾಕಿಕೊಂಡರಾಯಿತು! ಹೇಗೂ ಬೇರೆ ಕಡೆ ಹೋಗುವವನೆಂದು ಕಂಡ ಜಾಣನನ್ನು ಮೊದಲೇ ಕೈಬಿಟ್ಟರೆ ‘ಕರೆದವರೆಲ್ಲ ಬಂದರು’ ಎಂಬ ಲೆಕ್ಕವೂ ಚೆನ್ನಾಗಿ ಕಾಣುತ್ತದೆ. ಎರಡೂ ಸೀಟು ಕೈಯಲ್ಲಿಟ್ಟುಕೊಂಡು ಹುಡುಗ ಯಾವ ಕಡೆ ನಡೆದ ಎನ್ನುವುದನ್ನು ತಿದ್ದುವುದು ಅಷ್ಟು ಸುಲಭವಲ್ಲ.

● ಮೋಡ ಕವಿದರೆ ಓದಿನ ಕಾಲೇಜು ಗೆಲ್ಲುತ್ತದೆ. ತಮಾಷೆಯಲ್ಲ, 2010ರಲ್ಲಿ ಯೂರಿ ಸಿಮನ್‌ಸನ್ ಎಂಬ ಸಂಶೋಧಕರು ಪ್ರಕಟಿಸಿದ ಲೆಕ್ಕ. ಓದಿಗೆ ಹೆಸರಾದ, ಮೋಜಿಗೆ ಮಾತ್ರ ಸೊನ್ನೆಯಾದ ಒಂದು ವಿಶ್ವವಿದ್ಯಾಲಯವನ್ನು ಸೇರುವ ಮೊದಲು ನೋಡಿಹೋಗಲು ಬಂದ 1,284 ವಿದ್ಯಾರ್ಥಿಗಳ ದಾಖಲೆಯನ್ನು ಅವರು ಆ ದಿನಗಳ ಹವಾಮಾನದ ಪಕ್ಕದಲ್ಲಿಟ್ಟು ನೋಡಿದರು. ಬಿಸಿಲಿದ್ದ ದಿನ ಬಂದವರಿಗಿಂತ ಮೋಡದ ದಿನ ಬಂದವರು ಅಲ್ಲಿಗೆ ಸೇರಿದ್ದು ಹೆಚ್ಚು. ಬಿಸಿಲು ಕಂಡಾಗ ಮನಸ್ಸು ಆಟದ ಕಡೆ ಎಳೆಯುತ್ತದೆ, ಮಬ್ಬಿದ್ದರೆ ಪುಸ್ತಕ ಹಿತವೆನಿಸುತ್ತದೆ. ಜಿಟಿಜಿಟಿ ಮಳೆಯ ಧಾರವಾಡದಲ್ಲಿರುವ ಐಐಟಿಯವರು ಇದನ್ನು ಓದಿದ್ದಾರೋ ಇಲ್ಲವೋ. ಇದೇ ಸಂಶೋಧಕರ ಇನ್ನೊಂದು ಲೆಕ್ಕ: ಮೋಡದ ದಿನ ಅರ್ಜಿ ಓದುವ ಪ್ರವೇಶಾಧಿಕಾರಿಗಳೂ ಅಂಕಗಳಿಗೆ ಹೆಚ್ಚು ತೂಕ ಕೊಡುತ್ತಾರಂತೆ.

● ದುಡ್ಡು ಅಷ್ಟೇ ಇದ್ದರೂ ಅದಕ್ಕೆ ಇಟ್ಟ ಹೆಸರು ಮನಸ್ಸು ಬದಲಿಸುತ್ತದೆ. ‘ಸಹಾಯಧನ’ ಅಂದರೆ ಒಂದು ಥರ, ಅದನ್ನೇ ‘ಸ್ಕಾಲರ್‌ಶಿಪ್’ ಅಂದರೆ ಇನ್ನೊಂದು ಥರ. ಎರಡನೆಯ ಹೆಸರಿದ್ದರೆ ಆ ಕಾಲೇಜಿಗೇ ಸೇರುವ ಸಾಧ್ಯತೆ ಹೆಚ್ಚು ಎಂದು ಏವರಿ ಮತ್ತು ಹಾಕ್ಸ್‌ಬಿ ಕಂಡುಕೊಂಡರು. ಅಜ್ಜಿಗೆ ಫೋನು ಮಾಡಿ ‘ಸ್ಕಾಲರ್‌ಶಿಪ್ ಬಂತು’ ಅನ್ನುವ ಖುಷಿಗೆ ಅರ್ಥಶಾಸ್ತ್ರದಲ್ಲಿ ಬೇರೆ ಬೆಲೆಯೇ ಇದೆ ಅನ್ನಿ.

● ‘ಯು.ಎಸ್. ನ್ಯೂಸ್’ ಪತ್ರಿಕೆಯ ಕಾಲೇಜು ರ‍್ಯಾಂಕಿಂಗ್ ಶುರುವಾದದ್ದು 1983ರಲ್ಲಿ. ಒಂದು ಸ್ಥಾನ ಮೇಲೇರಿದರೆ ಕಾಲೇಜಿಗೆ ಬರುವ ಅರ್ಜಿಗಳು ಸುಮಾರು ಶೇ 1ರಷ್ಟು ಹೆಚ್ಚುತ್ತವೆ. ಆದರೆ ಅದೇ ಕಾಲೇಜುಗಳನ್ನು ರ‍್ಯಾಂಕ್ ಬಿಟ್ಟು ಅಕಾರಾದಿಯಾಗಿ ಅಚ್ಚು ಹಾಕಿದಾಗ ಈ ಪರಿಣಾಮವೇ ಕಾಣಲಿಲ್ಲ. ಮಾಹಿತಿ ಪುಟದಲ್ಲೇ ಇತ್ತು, ಹುಡುಕಿ ಲೆಕ್ಕ ಹಾಕುವ ತಾಳ್ಮೆ ಯಾರಿಗಿದೆ?

● ಡಬಲ್ ಸೀಟಿನವರಿಗಾಗಿಯೇ ಕಾಲೇಜುಗಳು ಪ್ರತಿ ವಸಂತದಲ್ಲಿ ಸಭೆ ಸೇರುತ್ತಿದ್ದವು. ಅಮೆರಿಕದ ಹೆಸರಾಂತ ಐವಿ ಲೀಗಿನ ಎಂಟೂ ಕಾಲೇಜುಗಳು, ಎಂಐಟಿ, ಇನ್ನೂ ಕೆಲವು. ಈ ಕೂಟಕ್ಕೆ ‘ಓವರ್‌ಲ್ಯಾಪ್’ ಅಂತ ಹೆಸರು. ಎರಡು ಕಡೆ ಸೀಟು ಪಡೆದ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರನ್ನೂ ಮೇಜಿನ ಮೇಲಿಟ್ಟು, ಈ ಮನೆಯವರು ಎಷ್ಟು ಕಟ್ಟಬಲ್ಲರು ಎಂದು ಎಲ್ಲರೂ ಸೇರಿ ಒಂದೇ ಮೊತ್ತ ಗೊತ್ತುಮಾಡುತ್ತಿದ್ದರು. ಆಮೇಲೆ ಹುಡುಗ ಎಲ್ಲಿಗೆ ಹೋದರೂ ಅಪ್ಪನ ಜೇಬಿಗೆ ಬೀಳುವ ಭಾರ ಒಂದೇ. ‘ದುಡ್ಡು ನೋಡಿ ಅಲ್ಲ, ಮನಸ್ಸು ನೋಡಿ ಆರಿಸಲಿ, ಉಳಿದ ಹಣ ಬಡವರಿಗೆ ಸಿಗಲಿ’ ಎನ್ನುವುದು ಅವರ ಸಮರ್ಥನೆ. ಮಂಡಿ ವರ್ತಕರು ಒಳಗೊಳಗೇ ದರ ಗೊತ್ತುಮಾಡಿಕೊಂಡಂತೆಯೇ ಇದು ಎಂದಿತು ಅಮೆರಿಕದ ನ್ಯಾಯ ಇಲಾಖೆ. 1991ರಲ್ಲಿ ಮೊಕದ್ದಮೆ ಹೂಡಿದಾಗ ಐವಿ ಕಾಲೇಜುಗಳು ಇನ್ನು ಹಾಗೆ ಮಾಡುವುದಿಲ್ಲವೆಂದು ಒಪ್ಪಿ ಸಹಿ ಹಾಕಿದವು. ಎಂಐಟಿ ಮಾತ್ರ ಪಟ್ಟು ಬಿಡದೆ ಕೋರ್ಟಿನಲ್ಲಿ ಹೋರಾಡಿ 1993ರಲ್ಲಿ ರಾಜಿಗೆ ಬಂತು. ನನ್ನ ಕೇಳಿದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು.

● ಆಯ್ಕೆಯೇ ಬರದಂತೆ ನೋಡಿಕೊಳ್ಳುವುದು ಇನ್ನೂ ಸಲೀಸು. ಕೊಲಂಬಿಯಾ, ಬ್ರೌನ್, ಕಾರ್ನೆಲ್, ಡಾರ್ಟ್‌ಮತ್, ಪೆನ್ ಕಾಲೇಜುಗಳಿಗೆ ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕಿ ಸೀಟು ಸಿಕ್ಕರೆ ಸೇರಲೇಬೇಕು, ಬೇರೆಡೆಯ ಅರ್ಜಿ ವಾಪಸು ಪಡೆಯಬೇಕು. ನಿಶ್ಚಿತಾರ್ಥ ಆದಮೇಲೆ ಬೇರೆ ಗಂಡು ನೋಡುವ ಹಾಗಿಲ್ಲ.

● ಮಿಕ್ಕವರಿಗೆ ಅಮೆರಿಕದಲ್ಲಿ ಮೇ 1 ಕೊನೇ ದಿನ. ಆ ದಿನ ದಾಟಿದ ಮೇಲೆ ಬೇರೆ ಕಾಲೇಜಿಗೆ ಒಪ್ಪಿದ ವಿದ್ಯಾರ್ಥಿಯನ್ನು ಸೆಳೆಯಬಾರದು ಎಂದು ಪ್ರವೇಶಾಧಿಕಾರಿಗಳ ಸಂಘದ ನಿಯಮವೇ ಇತ್ತು. ಇದೂ ಪೈಪೋಟಿಗೆ ಅಡ್ಡಿ ಎಂದು ಅದೇ ನ್ಯಾಯ ಇಲಾಖೆ ಕಣ್ಣು ಬಿಟ್ಟಿದ್ದರಿಂದ 2019ರಲ್ಲಿ ತೆಗೆದುಹಾಕಿದರು.

● ಆಕ್ಸ್‌ಫರ್ಡೋ ಕೇಂಬ್ರಿಜ್ಜೋ ಎಂಬ ಚಿಂತೆಯಲ್ಲಿ ಕೂತ ಪದವಿ ವಿದ್ಯಾರ್ಥಿ ಸಿಗುವುದೇ ಇಲ್ಲ. ಸಾಮಾನ್ಯವಾಗಿ ಒಂದೇ ವರ್ಷ ಎರಡಕ್ಕೂ ಅರ್ಜಿ ಹಾಕುವಂತಿಲ್ಲ. ಜಪಾನಿನಲ್ಲಿ ಟೋಕಿಯೊ ಮತ್ತು ಕ್ಯೋಟೊ ವಿಶ್ವವಿದ್ಯಾಲಯಗಳ ಮುಖ್ಯ ಪ್ರವೇಶ ಪರೀಕ್ಷೆ ಎರಡೂ ಫೆಬ್ರವರಿ 25ಕ್ಕೇ ಶುರು.

● ಸರಿ, ಆರಿಸಿದ್ದು ತಪ್ಪಾದರೆ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇದನ್ನೇ ಕೆದಕಿದರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಮಟ್ಟದ ಕಾಲೇಜುಗಳಿಂದ ಕರೆ ಬಂದಿದ್ದೂ ಒಬ್ಬರು ಹೆಸರುವಾಸಿಯಾದದ್ದನ್ನು, ಇನ್ನೊಬ್ಬರು ಅದಕ್ಕಿಂತ ಕಡಿಮೆ ಹೆಸರಿನದನ್ನು ಆರಿಸಿದವರ ಸಂಬಳ ಹೋಲಿಸಿದರು. ಸುಮಾರು ಇಪ್ಪತ್ತು ವರ್ಷದ ನಂತರ ಹೆಚ್ಚು ವ್ಯತ್ಯಾಸವಿರಲಿಲ್ಲ. ಬಡ ಕುಟುಂಬದಿಂದ ಬಂದವರಿಗೆ ಮಾತ್ರ ದೊಡ್ಡ ಹೆಸರು ಲಾಭ ತಂದಿತ್ತು. ಅಪ್ಪನಿಗೆ ನಾಲ್ಕು ಜನ ಗೊತ್ತಿದ್ದರೆ ಕಾಲೇಜಿನ ಹೆಸರು ಯಾಕೆ ಬೇಕು?

● ಆ ಲೆಕ್ಕ ಸರಾಸರಿಯದು. ತೀರಾ ಮೇಲಿನ ಅಟ್ಟ ಬೇರೆ. ಐವಿ ಕಾಲೇಜುಗಳು ಮತ್ತು ಅವುಗಳಿಗೆ ಸರಿಸಮನಾದ ಕೆಲವನ್ನು ಸೇರಿದವರು ಆದಾಯದಲ್ಲಿ ಮೇಲಿನ ಶೇ 1ರೊಳಗೆ ಬರುವ ಸಾಧ್ಯತೆ ಅರ್ಧದಷ್ಟು ಹೆಚ್ಚು ಎಂದು 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಹೇಳಿದರು. ಸರಾಸರಿ ಸಂಬಳದಲ್ಲಿ ಅವರೂ ದೊಡ್ಡ ಅಂತರ ಕಾಣಲಿಲ್ಲ.

● ನಮ್ಮ ಎನ್.ಆರ್. ನಾರಾಯಣಮೂರ್ತಿ ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿಯೂ, ಮೇಷ್ಟ್ರಾಗಿದ್ದ ತಂದೆಗೆ ಖರ್ಚು ಭರಿಸಲಾಗದೆ ಮೈಸೂರಿನ ಎನ್‌ಐಇ ಸೇರಿದರು. ಐಐಟಿ ಕಾನ್ಪುರಕ್ಕೆ ಹೋದದ್ದು ಆಮೇಲೆ, ಎಂ.ಟೆಕ್‌ಗೆ.

● ಈ ಒದ್ದಾಟಕ್ಕೆ 1962ರಲ್ಲೇ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಏಳು ಪುಟದಲ್ಲಿ ಉತ್ತರ ಬರೆದಿದ್ದರು. ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ ಪ್ರಬಂಧವದು. ಸಿಕ್ಕ ಸೀಟನ್ನು ತಾತ್ಕಾಲಿಕವಾಗಿ ಹಿಡಿದುಕೊ, ಇನ್ನೂ ಇಷ್ಟದ್ದು ಬಂದರೆ ಇದನ್ನು ಬಿಡು. ಸುತ್ತು ಸುತ್ತಿನಲ್ಲಿ ಎಲ್ಲ ತಾನಾಗಿ ಕೂರುತ್ತದೆ. ಶೇಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮಲ್ಲಿ ಐಐಟಿ, ಎನ್‌ಐಟಿ ಸೀಟುಗಳು 2015ರಿಂದ ‘ಜೋಸಾ’ ಎಂಬ ಒಂದೇ ಸೂರಿನಡಿ ಹಂಚಿಕೆಯಾಗುತ್ತಿರುವುದು ಈ ತತ್ವದ ಮೇಲೇ. ಅದಕ್ಕೂ ಮುಂಚೆ ಒಬ್ಬನೇ ಎರಡು ಕಡೆ ಸೀಟು ಹಿಡಿದು ಕೂತು, ಕೊನೆಗೆ ಒಂದು ಕಡೆ ಬೆಂಚು ಖಾಲಿ ಹೊಡೆಯುತ್ತಿತ್ತು.

● ಕೆಇಎ ಕೌನ್ಸೆಲಿಂಗಿನ ‘ಚಾಯ್ಸ್ 1, 2, 3, 4’ ಕೂಡ ಇದೇ ಬುದ್ಧಿಯದು. ಒಂದು ಅಂದರೆ ಒಪ್ಪಿದೆ, ಸೇರುತ್ತೇನೆ. ಎರಡು ಅಂದರೆ ಇದಿರಲಿ, ಮೇಲಿನದಕ್ಕೂ ನೋಡುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ನಮಸ್ಕಾರ. ಹೋದ ವರ್ಷ ಹಾಸನದ ಸೈಬರ್ ಒಂದರಲ್ಲಿ ಝೆರಾಕ್ಸಿಗೆಂದು ನಿಂತಿದ್ದೆ. ಪಕ್ಕದಲ್ಲಿ ಒಬ್ಬಳು ಹುಡುಗಿ, ಅವಳಪ್ಪ. ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ‘ಇ’ಯಿಂದ ಶುರುವಾಗುವ ಕಾಲೇಜು ಕೋಡುಗಳು, ಪಕ್ಕದಲ್ಲಿ ಸಿಎಸ್, ಇಸಿ, ಕೆಲವನ್ನು ಹೊಡೆದು ಮತ್ತೆ ಬರೆದಿತ್ತು.

“ಅಪ್ಪ, ಚಾಯ್ಸ್ ಟೂ ಕೊಡ್ತೀನಿ.”

“ಸಿಕ್ಕಿದ್ದನ್ನ ಬಿಟ್ಟು ಸಿಗದೇ ಇರೋದಕ್ಕೆ ಕೈ ಚಾಚ್ಬೇಡ ಮಗ.”

“ಬಿಡೋದಲ್ಲಪ್ಪ. ಇದು ನಮ್ ಹತ್ರನೇ ಇರುತ್ತೆ. ಮೇಲಿಂದು ಸಿಕ್ರೆ ಮಾತ್ರ ಇದು ಹೋಗುತ್ತೆ.”

“ನೋಡ್ದಾ? ಹೋಗುತ್ತೆ ಅಂತ ನೀನೇ ಅಂದ್ಯಲ್ಲ!”

ಸೈಬರಿನ ಹುಡುಗ ಮೌಸ್ ಹಿಡಿದು ಕೂತಿದ್ದ. “ಬೇಗ ಹೇಳಿ ಸಾರ್, ಹನ್ನೆರಡಕ್ಕೆ ಕರೆಂಟು ತೆಗೀತಾರೆ.”