ಗೋಡೆಯ ಸವಾರನು ನಡೆಯಬೇಕಾದರೆ

ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೋಡದವರು ನಮ್ಮ ಕಾಲೇಜಿನಲ್ಲಿ ವಿರಳ. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. (1771ರಲ್ಲಿ ಹೈದರನು ಮರಾಠರಿಗೆ ಸೋತದ್ದು ನಮ್ಮ ಚಿನಕುರಳಿಯ ಬಳಿ. ಗೆದ್ದ ಯುದ್ಧವನ್ನು ಗೋಡೆಗೆ ಬರೆಸುತ್ತಾರೆ, ಸೋತದ್ದನ್ನು ಯಾರು ಬರೆಸುತ್ತಾರೆ!) ಆ ಗೋಡೆಯ ಕುದುರೆ ಸವಾರನೊಬ್ಬನನ್ನು ಕಳೆದ ರಜೆಯಲ್ಲಿ ಬಹು ಶ್ರಮದಿಂದ ನಕಲು ಮಾಡಿ, ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವ ನಮ್ಮೂರಿನ ಅಣ್ಣನೊಬ್ಬನಿಗೆ ತೋರಿಸಿದೆನು. ನನಗೂ ಆ ಕಸುಬನ್ನೇ ಹಿಡಿಯುವ ಆಸೆ. ಅಣ್ಣ ಬಹಳ ಹೊತ್ತು ನೋಡಿ, “ಚೆನ್ನಾಗದೆ ಕಣೋ. ಆದ್ರೆ ಇವನು ಆ ಕಡೆ ತಿರುಗಿದ್ರೆ ಹೆಂಗೆ ಕಾಣ್ತಾನೆ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ನಿಂತ ಚಿತ್ರಕ್ಕೂ ಚಲಿಸುವ ಚಿತ್ರಕ್ಕೂ ಇರುವ ಅಂತರ ನನಗೆ ಹೊಳೆದದ್ದು ಆಗಲೇ. ಚಲಿಸುವ ಬಗೆಗಳೂ ಹಲವು. ಒಂದೊಂದು ಬಗೆಯೂ ಪಾತ್ರದಿಂದ ಒಂದೊಂದನ್ನು ಬೇಡುತ್ತದೆ.

ಕೈಯಲ್ಲಿ ಬರೆಯುವ ಪದ್ಧತಿಯನ್ನೇ ಮೊದಲು ನೋಡೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿದರೂ ಸವಾರನು ಹತ್ತು ಸೆಕೆಂಡು ಓಡಲು 120 ಚಿತ್ರಗಳು ಬೇಕು. ನಾನು ಅವನ ಅಂಗಿಗೆ ಹನ್ನೆರಡು ಗುಂಡಿಗಳನ್ನು ಹಾಕಿದ್ದೆನು. ಲೆಕ್ಕ ಹಾಕಿದರೆ 1,440 ಗುಂಡಿಗಳಾದವು! ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಜರುಗಿದರೂ ತೆರೆಯ ಮೇಲೆ ಅಂಗಿಯೇ ನಡುಗಿದಂತೆ ಕಾಣುತ್ತದೆ. ಆದ್ದರಿಂದ ಗುಂಡಿಗಳನ್ನು ಬಿಡಬೇಕು. ಆದರೆ ಪೇಟವನ್ನು ಬಿಟ್ಟರೆ ಅವನು ಆ ಸವಾರನೇ ಅಲ್ಲ. ಬಿಡುವುದು ಯಾವುದು, ಉಳಿಸಿಕೊಳ್ಳುವುದು ಯಾವುದು ಎಂಬ ತೀರ್ಮಾನವೇ ಈ ಕಸುಬಿನ ಕಷ್ಟದ ಭಾಗವೆಂದು ನನಗೆ ತೋರುತ್ತದೆ. ಅಂದವಾಗಿ ಬರೆಯುವುದು ಇದರ ಮುಂದೆ ಸುಲಭ.

ಇನ್ನೊಂದು ಬಗೆ, ಕತ್ತರಿಸಿದ ತುಂಡುಗಳನ್ನು ಕೀಲು ಕೂಡಿಸಿ ಆಡಿಸುವುದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ ಕಪ್ಪು ಕಾಗದದ ಗೊಂಬೆಗಳನ್ನು ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲಿಟ್ಟು, ಇಷ್ಟಿಷ್ಟೇ ಜರುಗಿಸಿ, ಚೌಕಟ್ಟು ಚೌಕಟ್ಟಾಗಿ ಚಿತ್ರೀಕರಿಸಿ 1926ರಲ್ಲಿ ರಾಜಕುಮಾರ ಅಹಮದನ ಕಥೆಯನ್ನು ಪೂರ್ಣ ಚಲನಚಿತ್ರವಾಗಿ ಮಾಡಿದಳು. ಅಲ್ಲಿ ಮುಖದ ಒಳಗೆರೆಗಳು ಕಾಣುವುದೇ ಇಲ್ಲ. ಮೂಗು, ಗಲ್ಲ, ಬೆರಳುಗಳ ಅಂಚೇ ಮಾತನಾಡಬೇಕು. ನಮ್ಮ ತೊಗಲುಗೊಂಬೆಯವರ ಜಾಣ್ಮೆ ಬೇರೆ. ಅವರ ತೊಗಲು ಬೆಳಕನ್ನು ಒಳಗೆ ಬಿಡುತ್ತದೆ. ಬಣ್ಣವೂ ಕಾಣುತ್ತದೆ, ಒಡವೆಗಳು ಕೊರೆದ ತೂತುಗಳಲ್ಲಿ ಮಿನುಗುತ್ತವೆ. ಒಂದೇ ಪಾತ್ರಕ್ಕೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳನ್ನು ಮಾಡಿಟ್ಟುಕೊಳ್ಳುವುದೂ ಉಂಟು. ಗೊಂಬೆ ಬದಲಾದರೂ ನೋಡುವವರು ಪಾತ್ರವನ್ನು ತಪ್ಪದೆ ಗುರುತಿಸುತ್ತಾರೆ.

ನಾನೂ ಸವಾರನಿಗೆ ಪೂರ್ತಿ ಕಪ್ಪು ಬಳಿದು ತಂಗಿಗೆ ತೋರಿಸಿದೆನು. “ಕುದುರೆ ಮೇಲೆ ಮೂಟೆ” ಎಂದಳು! ತೋಳನ್ನು ಮೈಯಿಂದ ದೂರ ಸರಿಸಿ, ಕತ್ತಿಯನ್ನು ಮೇಲಕ್ಕೆತ್ತಿಸಿ, ಪೇಟವನ್ನು ಇದ್ದುದಕ್ಕಿಂತ ದೊಡ್ಡದು ಮಾಡಿದ ಮೇಲೆ “ಸಿಪಾಯಿ” ಎಂದಳು. ಗೋಡೆಯ ಅಳತೆಗೆ ಇದು ಸುಳ್ಳೇ ಸರಿ. ಆದರೂ ಗುರುತಿಗಾಗಿ ಈ ಸುಳ್ಳನ್ನು ಹೇಳಲೇಬೇಕಾಯಿತು.

ಕಂಪ್ಯೂಟರಿನಲ್ಲಿ ಮೂರು ಆಯಾಮಗಳ ಗೊಂಬೆ ಮಾಡುವಾಗ ತೊಂದರೆ ಬೇರೆಯೇ. ಅಲ್ಲಿ 1,440 ಗುಂಡಿಗಳ ಭಯವಿಲ್ಲ. ಒಮ್ಮೆ ಹೊಲಿದ ಗುಂಡಿ ಮೈಯೊಡನೆ ತಾನೇ ತಿರುಗುತ್ತದೆ. ಆದರೆ ಕ್ಯಾಮೆರಾ ಯಾವ ಕಡೆಯಿಂದಾದರೂ ಬರಬಹುದು. ಅದಕ್ಕಾಗಿ ಮುಂಬದಿ, ಪಕ್ಕ, ಓರೆ, ಹಿಂಬದಿ ಎಲ್ಲವನ್ನೂ ಒಂದೇ ಅಳತೆಯಲ್ಲಿ ಬರೆದ ಮಾದರಿ ಹಾಳೆಯನ್ನು ಮೊದಲು ಸಿದ್ಧಪಡಿಸುತ್ತಾರೆ. ಅಣ್ಣ ಕೇಳಿದ್ದು ಇದನ್ನೇ. ಗೋಡೆಯ ಸವಾರನೋ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಒಂದೇ ಪಕ್ಕ ತೋರಿಸಿಕೊಂಡು ಕುಳಿತಿದ್ದಾನೆ. ಅವನಿಗೆ ಬೆನ್ನೇ ಇಲ್ಲ!

ಮಾದರಿ ಹಾಳೆಯಲ್ಲಿ ಮೂರು ನೋಟಗಳನ್ನು ಬರೆದು ಮುಗಿಸಿದ್ದೇನೆ, ನಾಲ್ಕನೆಯ ಮನೆ ಖಾಲಿಯಿದೆ. ಆ ಕಾಲದ ಸವಾರರ ಅಂಗಿ ಹಿಂದಿನಿಂದ ಹೇಗೆ ಕಾಣುತ್ತಿತ್ತೆಂಬುದನ್ನು ಬಲ್ಲ ಇತಿಹಾಸದ ಅಧ್ಯಾಪಕರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.