ವೈದ್ಯವಿದ್ಯಾರ್ಥಿಗಳ ಶಿಕ್ಷಣದಲ್ಲಿ ‘ಶರಪಂಜರ’

ವೈದ್ಯವಿದ್ಯಾರ್ಥಿಗಳಿಗೆ ಕಥಾಚಿತ್ರಗಳನ್ನು ತೋರಿಸಿ ಪಾಠಹೇಳುವ ಕ್ರಮಕ್ಕೆ 1994ರಲ್ಲಿ ಅಮೆರಿಕದ ಕೆಲವು ಬೋಧಕರು ‘ಸಿನೆಮೆಡುಕೇಶನ್’ ಎಂಬ ಹೆಸರನ್ನಿತ್ತರು. ನಮ್ಮ ದೇಶದ ವೈದ್ಯಪದವಿಯ ಪಠ್ಯಕ್ರಮದಲ್ಲಿಯೂ 2019ರಿಂದ ಮನೋಧರ್ಮ, ನೀತಿ, ಸಂಭಾಷಣೆ ಎಂಬ ವಿಷಯಗಳಿಗೆ ಪ್ರತ್ಯೇಕ ಸ್ಥಾನವು ದೊರೆತಿರುವುದರಿಂದ, ಈ ಕ್ರಮವು ವಿಚಾರಾರ್ಹವಾಗಿದೆ. ಸಾಹಿತ್ಯಾಧ್ಯಾಪಕರಿಗೆ ಇದರಲ್ಲೇನು ಕೆಲಸವೆಂದು ಕೇಳುವವರು, ಕನ್ನಡದಲ್ಲಿ ಇದಕ್ಕೆ ಚೆನ್ನಾಗಿ ಒದಗುವ ಚಿತ್ರವು ಕಾದಂಬರಿಯೊಂದರಿಂದಲೇ ಹುಟ್ಟಿದುದೆಂಬುದನ್ನು ನೆನೆಯಬೇಕು.

ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದರು. ಕಲ್ಪನಾ ಅವರು ಅಭಿನಯಿಸಿದ ಕಾವೇರಿಯು ಬಾಣಂತಿತನದಲ್ಲಿ ಬುದ್ಧಿಭ್ರಮಣೆಗೆ ಒಳಗಾಗುತ್ತಾಳೆ. ಇಂತಹ ಉನ್ಮಾದವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಪ್ರಸವವಾದ ಎರಡು ವಾರಗಳೊಳಗೆ, ತಲೆದೋರುವುದು. ಸಕಾಲದಲ್ಲಿ ಚಿಕಿತ್ಸೆಯಾದರೆ ಬಹುಮಟ್ಟಿಗೆ ಗುಣವಾಗತಕ್ಕುದು. ಕಾವೇರಿಯೂ ಗುಣಹೊಂದಿ ಮನೆಗೆ ಬರುತ್ತಾಳೆ. ಪಠ್ಯಪುಸ್ತಕದ ದೃಷ್ಟಿಯಲ್ಲಿ ಕಥೆಯು ಅಲ್ಲಿಗೆ ಮುಗಿಯಿತು. ಕೃತಿಯ ಜೀವಾಳವಿರುವುದು ಅಲ್ಲಿಂದ ಮುಂದೆ. ಮರಳಿ ಬಂದವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಸಿಟ್ಟಾದರಂತೂ ರೋಗವೇ ಮರುಕಳಿಸಿತೆಂಬ ತೀರ್ಮಾನ. ಗಂಡನ ಮನಸ್ಸು ಬೇರೊಬ್ಬಳ ಕಡೆಗೆ ತಿರುಗಿದೆ. ಕೊನೆಗೆ ಅವಳು ಮತ್ತೆ ಬುದ್ಧಿಯ ಸ್ಥಿಮಿತವನ್ನು ಕಳೆದುಕೊಳ್ಳುತ್ತಾಳೆ.

ಈ ಉತ್ತರಾರ್ಧವನ್ನು ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಎಂದಿಗೂ ಕಾಣನು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಸ್ಥಾಪಿತವಾದುದು. ಅಲ್ಲಿಗೆ ಸಿರುಗುಪ್ಪದ ಸೀಮೆಯಿಂದ, ತುಂಗಭದ್ರೆಯ ದಡದ ಕೆಂಚನಗುಡ್ಡದಂತಹ ಊರಿನಿಂದ, ಇಂತಹ ಬಾಣಂತಿಯೊಬ್ಬಳು ಬಂದಳೆಂದು ಭಾವಿಸೋಣ. ಬಿಡುಗಡೆಯ ಚೀಟಿಯಲ್ಲಿ ಔಷಧದ ಪ್ರಮಾಣವಿರುವುದು, ಮುಂದೆ ಬರಬೇಕಾದ ದಿನವಿರುವುದು. ಅತ್ತೆಯು ಕೂಸನ್ನು ಅವಳ ಕೈಗೆ ಕೊಡುವಳೋ ಇಲ್ಲವೋ, ಓಣಿಯವರು ಏನೆಂದು ಕರೆಯುವರೋ, ಇವು ಚೀಟಿಯಲ್ಲಿಲ್ಲ. ಮನೋರೋಗಿಗೆ ಸಮಾಜದ ನಡುವೆಯೇ ಬಾಳುವ ಹಕ್ಕುಂಟೆಂದು 2017ರ ಮಾನಸಿಕ ಆರೋಗ್ಯದ ಕಾಯಿದೆಯು ಹೇಳುವುದು ನಿಜ. ಆ ಹಕ್ಕು ಅಡಿಗೆಮನೆಯಲ್ಲಿ ಹೇಗೆ ಮುರಿಯುವುದೆಂಬುದನ್ನು ಚಿತ್ರವು ತೋರಿಸುತ್ತದೆ.

ಒಂದು ಎಚ್ಚರಿಕೆ ಅವಶ್ಯಕ. ರೋಗಲಕ್ಷಣಗಳನ್ನು ಕಲಿಸಲು ಈ ಚಿತ್ರವನ್ನು ಬಳಸಲಾಗದು. ತೆರೆಯ ಮೇಲಿನ ಹುಚ್ಚು ಪ್ರೇಕ್ಷಕರಿಗಾಗಿ ಹೆಚ್ಚಿಸಿದ ಹುಚ್ಚು. ಅದನ್ನು ನಿದಾನಕ್ಕೆ ಆಧಾರವಾಗಿ ಹಿಡಿದ ವಿದ್ಯಾರ್ಥಿಯು ಮೌನವಾಗಿ ಕುಳಿತ ರೋಗಿಯನ್ನು ಗುರುತಿಸಲಾರನು. ಆದುದರಿಂದ ಮನೆಗೆ ಮರಳಿದ ಮೇಲಿನ ಒಂದೆರಡು ದೃಶ್ಯಗಳನ್ನಷ್ಟೇ ತೋರಿಸಿ, ಈ ಮನೆಯಲ್ಲಿ ವೈದ್ಯನು ಯಾರೊಡನೆ ಮೊದಲೇ ಮಾತನಾಡಬೇಕಾಗಿದ್ದಿತೆಂದು ಕೇಳುವುದು ಲೇಸು. ಬಳಿಕ ಕಾದಂಬರಿಯ ಅದೇ ಭಾಗವನ್ನು ಓದಿಸಬೇಕು. ಬರಹವು ಅವಳ ಒಳಮನಸ್ಸನ್ನು ಹೇಳಬಲ್ಲುದು. ತೆರೆಯು ಸುತ್ತಲಿನವರ ಮುಖಗಳನ್ನು ತೋರಿಸಬಲ್ಲುದು. ಈ ಎರಡರ ಅಂತರವನ್ನು ವಿವರಿಸುವ ಅಭ್ಯಾಸವುಳ್ಳವನು ಸಾಹಿತ್ಯದ ಅಧ್ಯಾಪಕನೇ ಹೊರತು ವೈದ್ಯನಲ್ಲ.

ನೀತಿಯ ಪಾಠಕ್ಕೆ ಪುಟ್ಟಣ್ಣನವರದೇ ‘ಮಾನಸ ಸರೋವರ’ವು (1982) ಒದಗುವುದು. ಅದರಲ್ಲಿ ಮನೋವೈದ್ಯನು ತನ್ನ ರೋಗಿಯನ್ನೇ ಪ್ರೀತಿಸಿ, ತಾನೇ ಭ್ರಮೆಗೊಳಗಾಗುತ್ತಾನೆ. ನೋಡಿದವರ ಮರುಕವೆಲ್ಲ ವೈದ್ಯನ ಕಡೆಗೇ ಹರಿಯುವುದು ಸಹಜ. ಚರ್ಚೆಯನ್ನು ಆ ಮರುಕದಿಂದಲೇ ಆರಂಭಿಸಬೇಕು.